ಚಿತ್ರದುರ್ಗದಂಥ ಜಿಲ್ಲೆಯಲ್ಲಿ ವಿದ್ಯುತ್ತಿಗೆ ಗಾಳಿ ಒಳ್ಳೆಯದೋ, ಬಿಸಿಲೋ?

ಎರಡೂ ಬೇಕು, ಕಾರಣ ಋತುಮಾನ. ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರೇ ಸುಗ್ಗಿ. ಗಾಳಿಯ ವೇಗ 2 ಪಟ್ಟಾದರೆ ಅದರಲ್ಲಿರುವ ಶಕ್ತಿ 8 ಪಟ್ಟಾಗುತ್ತದೆ. ವೇಗ ಅರ್ಧಕ್ಕಿಳಿದರೆ ಉಳಿಯುವುದು ಎಂಟರಲ್ಲಿ ಒಂದು ಪಾಲು. ಗುಡ್ಡದ ನೆತ್ತಿಯನ್ನೇ ಹುಡುಕಿಕೊಂಡು ಹೋಗಿ ಕಂಬ ನಿಲ್ಲಿಸುವುದು ಇದಕ್ಕೇ. ಅದೇ ಮುಂಗಾರಿನ ಮೋಡಕ್ಕೆ ಸೌರಫಲಕ ಮಂಕಾಗುತ್ತದೆ, ಬೇಸಿಗೆಯಲ್ಲಿ ಚೇತರಿಸಿಕೊಳ್ಳುತ್ತದೆ (ನಮ್ಮಲ್ಲಿ ಬಿಸಿಲಿಗೇನು ಬರ!). ಆದರೂ ಫಲಕ ಕಾದಷ್ಟೂ ಅದರ ದಕ್ಷತೆ ತುಸು ಕುಗ್ಗುತ್ತದೆ. ಸಂಜೆ ಏಳಕ್ಕೆ ಊರೆಲ್ಲ ದೀಪ ಹಾಕುವ ಹೊತ್ತಿಗಂತೂ ಅದರದು ಸೊನ್ನೆ. ಆಗ ಶರಾವತಿಯ ನೀರು ಕೈಹಿಡಿಯುತ್ತದೆ: ಟರ್ಬೈನ್ ನಿಮಿಷಗಳಲ್ಲಿ ಚಾಲೂ. ಬಳ್ಳಾರಿ ಬಳಿಯ ಕುಡತಿನಿಯಂಥ ಕಲ್ಲಿದ್ದಲು ಸ್ಥಾವರ ಒಮ್ಮೆ ತಣ್ಣಗಾದರೆ ಮತ್ತೆ ಹಬೆ ಏರಿಸಲು ಗಂಟೆಗಟ್ಟಲೆ ಬೇಕು. ಹಾರುಬೂದಿಯ ಕಾಟ ಬೇರೆ.