ಕ್ಯಾಲಿಫೋರ್ನಿಯಾದ ಸರ್ಕಾರಿ ಕಾಡುಗಳಲ್ಲಿ ಕದ್ದು ಗಾಂಜಾ ಬೆಳೆಯುವುದನ್ನು ತಡೆಯೋಕೆ ಆಗಲ್ವಾ?

ಪ್ರಶ್ನೆ ಕೇಳಿದವರು ಜೊತೆಗೆ ಎರಡು ಮಾತು ಸೇರಿಸಿದ್ದಾರೆ. ಅಲ್ಲಿ ಗಾಂಜಾ ಕಾನೂನುಬದ್ಧ ಆಗಿದೆಯಲ್ಲ, ಮತ್ತೆ ಕಾಡಿಗೆ ಹೋಗಿ ಕದ್ದು ಬೆಳೆಯುವುದು ಯಾಕೆ? ಪೊಲೀಸರು ಹೋಗಿ ಗಿಡ ಕಿತ್ತು ಹಾಕಿದರೆ ಮುಗೀತಲ್ವಾ?

ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಮುಗಿಯುವುದಿಲ್ಲ. ಗಿಡ ಕೀಳುವುದು ಅರ್ಧ ಕೆಲಸವೂ ಆಗುವುದಿಲ್ಲ. ನಾನು ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಇರುವವನು. ಇಂಥ ಜಾಗಗಳನ್ನು ಸ್ವಚ್ಛ ಮಾಡುವ ಸ್ವಯಂಸೇವಕರ ಜೊತೆ ಕಾಡಿಗೆ ಹೋಗಿದ್ದೇನೆ. ಗಿಡ ಕಿತ್ತು ಹೋದ ಮೇಲೆ ಅಲ್ಲಿ ಏನು ಉಳಿದಿರುತ್ತದೆ ಅಂತ ಕಣ್ಣಾರೆ ನೋಡಿದವರು ಯಾರೂ "ಮುಗೀತು" ಅನ್ನುವುದಿಲ್ಲ.

ಈಗ ಯಾಕೆ ಅನ್ನುವುದು. ಕ್ಯಾಲಿಫೋರ್ನಿಯಾ 2016ರಲ್ಲಿ ಪ್ರಾಪೊಸಿಷನ್ 64 ಅನ್ನುವ ಜನಮತ ಪ್ರಸ್ತಾವಕ್ಕೆ ಮತ ಹಾಕಿ ಗಾಂಜಾಕ್ಕೆ ಅನುಮತಿ ಕೊಟ್ಟಿತು. ಆದರೆ ಲೈಸೆನ್ಸ್ ಬೇಕು, ತೆರಿಗೆ ಕಟ್ಟಬೇಕು, ಪರೀಕ್ಷೆ ಮಾಡಿಸಬೇಕು, ರಾಜ್ಯದ ಒಳಗೇ ಮಾರಬೇಕು. ಕಾಡಿನಲ್ಲಿ ಬೆಳೆಯುವವನಿಗೆ ಇದು ಯಾವುದೂ ಇಲ್ಲ. ಜಾಗ ಪುಕ್ಕಟೆ, ನೀರು ಪುಕ್ಕಟೆ. ಬೆಳೆದದ್ದನ್ನು ಗಾಂಜಾಕ್ಕೆ ಇನ್ನೂ ನಿಷೇಧ ಇರುವ ರಾಜ್ಯಗಳಿಗೆ ಸಾಗಿಸಿದರೆ ಬೆಲೆಯೂ ಜಾಸ್ತಿ. ಅದೂ ಅಲ್ಲದೆ ನ್ಯಾಷನಲ್ ಫಾರೆಸ್ಟ್, ನ್ಯಾಷನಲ್ ಪಾರ್ಕ್ ಎಲ್ಲ ಕೇಂದ್ರ ಸರ್ಕಾರದ ಭೂಮಿ. ಅಲ್ಲಿ ರಾಜ್ಯದ ಕಾನೂನು ಏನೇ ಹೇಳಲಿ, ಬೆಳೆಯುವುದು ಅಪರಾಧವೇ. ಕಾನೂನುಬದ್ಧ ಆದ ಮೇಲೆ ಕಳ್ಳ ಬೆಳೆಯ ಬಹುಭಾಗ ಖಾಸಗಿ ಜಮೀನಿಗೆ ಸರಿಯಿತು, ನಿಜ. ಆದರೆ ಶಾಸ್ತಾ-ಟ್ರಿನಿಟಿ, ಕ್ಲಾಮತ್, ಸಿಕ್ಸ್ ರಿವರ್ಸ್‌ನಂಥ ಕಾಡುಗಳಲ್ಲಿ ಅದು ನಿಂತಿಲ್ಲ.

ಗಿಡ ಕಿತ್ತ ಮೇಲೆ ಆ ಜಾಗ ಹೇಗಿರುತ್ತದೆ ಹೇಳುತ್ತೇನೆ. ಮೊದಲು ಕಣ್ಣಿಗೆ ಬೀಳುವುದು ಕಪ್ಪು ಪೈಪ್. ಮೇಲೆಲ್ಲೋ ತೊರೆಗೆ ಕಲ್ಲು ಮತ್ತು ಟಾರ್ಪಾಲಿನ್ ಹಾಕಿ ಒಡ್ಡು ಕಟ್ಟಿರುತ್ತಾರೆ. ಅಲ್ಲಿಂದ ಪೈಪ್ ತರಗೆಲೆ ಅಡಿಯಲ್ಲಿ ಹರಿದು ಬಂದು, ಸಣ್ಣ ಸಣ್ಣ ಕವಲಾಗಿ, ಒಂದೊಂದು ಗುಂಡಿಗೂ ಹೋಗಿರುತ್ತದೆ. ಹನಿ ನೀರಾವರಿಯೇ. ಎಳೆಯುತ್ತಾ ಹೋದರೆ ಮುಗಿಯುವುದೇ ಇಲ್ಲ. ಬೇರಿಗೆ ಸಿಕ್ಕಿಕೊಳ್ಳುತ್ತದೆ, ಕತ್ತರಿಸಿ ಸುರುಳಿ ಸುತ್ತಬೇಕು. ಪಕ್ಕದಲ್ಲಿ ಗೊಬ್ಬರದ ಚೀಲಗಳು, ಅರ್ಧ ಖಾಲಿಯಾದವು, ಮಳೆ ಬಂದರೆ ಸೀದಾ ತೊರೆಗೆ. ಮಲಗುವ ಜಾಗ, ಗ್ಯಾಸ್ ಸಿಲಿಂಡರ್, ಡಬ್ಬಿಗಳ ರಾಶಿ, ಹಳೇ ಬಟ್ಟೆ. ಅದರ ನಡುವೆ ಲೇಬಲ್ ಇಲ್ಲದ ಜ್ಯೂಸ್ ಬಾಟಲಿಗಳು. ಸ್ವಯಂಸೇವಕರು ಅವನ್ನು ಮುಟ್ಟುವ ಹಾಗಿಲ್ಲ. ತರಬೇತಿ ಪಡೆದವರು ರಕ್ಷಣಾ ಉಡುಪು ಹಾಕಿಕೊಂಡು ಮೊದಲೇ ಬಂದು ಅವನ್ನು ಗುರುತಿಸಿ ಬೇರೆ ಮಾಡಿರುತ್ತಾರೆ. ಆಮೇಲೆ ಮಾತ್ರ ನಮಗೆ ಒಳಗೆ ಪ್ರವೇಶ.

ಬಾಟಲಿಗಳಲ್ಲಿ ಹೆಚ್ಚಾಗಿ ಸಿಗುವುದು ಕಾರ್ಬೋಫ್ಯೂರಾನ್ ಅನ್ನುವ ಕೀಟನಾಶಕ. ಫ್ಯುರಡಾನ್ ಅಂದರೆ ಬೇಸಾಯದ ಮನೆಯವರಿಗೆ ಥಟ್ಟನೆ ಗೊತ್ತಾಗುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2009ರಲ್ಲೇ ಆಹಾರ ಬೆಳೆಗಳ ಮೇಲೆ ಇದರ ಅಂಶ ಉಳಿಯಲು ಇದ್ದ ಅನುಮತಿಯನ್ನು ಪೂರ್ತಿ ರದ್ದು ಮಾಡಿತು. ಹಾಗಾಗಿ ಇದು ಕಾಡಿಗೆ ಬರುವುದು ಕಳ್ಳದಾರಿಯಲ್ಲಿ. ಕಾಲು ಚಮಚದಷ್ಟು ಇದ್ದರೂ ಒಂದು ಕರಡಿಯನ್ನು ಕೊಲ್ಲಲು ಸಾಕು ಅನ್ನುತ್ತಾರೆ ವಿಜ್ಞಾನಿಗಳು. ಗಿಡ ತಿನ್ನಲು ಬರುವ ಪ್ರಾಣಿಗಳನ್ನು ಸಾಯಿಸುವುದಕ್ಕೆ ಅಂತಲೇ ತೆರೆದ ಡಬ್ಬಿಗಳಲ್ಲಿ ವಿಷ ಬೆರೆಸಿದ ತಿಂಡಿ ಇಡುತ್ತಾರೆ.

ಇನ್ನೊಂದು ಇಲಿ ಪಾಷಾಣ. ಇದರ ಕಥೆ ನನಗೆ ಇನ್ನೂ ಜಾಸ್ತಿ ಸಂಕಟ ಕೊಡುತ್ತದೆ. ಬ್ರೋಡಿಫಾಕಮ್ ಅನ್ನುವ ಪಾಷಾಣ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕೆಲಸ ನಿಂತು, ಕೆಲವು ದಿನ ಆದ ಮೇಲೆ ಒಳಗೇ ರಕ್ತಸ್ರಾವವಾಗಿ ಸಾಯುತ್ತದೆ. ಅಷ್ಟು ದಿನವೂ ಅದು ವಿಷ ತಿನ್ನುತ್ತಾ, ಮಂಕಾಗಿ ಓಡಾಡುತ್ತಾ ಇರುತ್ತದೆ. ಅಂಥ ಇಲಿ ಹಿಡಿಯುವುದು ಬೇಟೆ ಪ್ರಾಣಿಗೆ ಬಹಳ ಸುಲಭ. ಫಿಶರ್ ಅಂತ ಒಂದು ಪ್ರಾಣಿ ಇದೆ, ನೀರುನಾಯಿಯ ಬಳಗದ್ದು, ದಟ್ಟ ಕಾಡಿನ ಮರಗಳಲ್ಲಿ ಓಡಾಡುತ್ತದೆ. 2012ರಲ್ಲಿ ವನ್ಯಜೀವಿ ವಿಜ್ಞಾನಿ ಮೌರಾದ್ ಗೇಬ್ರಿಯಲ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದಲ್ಲಿ ಸತ್ತು ಸಿಕ್ಕ 58 ಫಿಶರ್‌ಗಳನ್ನು ಪರೀಕ್ಷಿಸಿದ ವರದಿ ಪ್ರಕಟಿಸಿದರು. 46ರಲ್ಲಿ, ಅಂದರೆ ಶೇ 79ರಲ್ಲಿ, ಇಲಿ ಪಾಷಾಣದ ಅಂಶ ಇತ್ತು. ತಾಯಿಯಿಂದ ಮರಿಗೂ ವಿಷ ಹೋಗಿತ್ತು. ಊರು, ಹೊಲ ಹತ್ತಿರವಿಲ್ಲದ ಕಾಡಿನಲ್ಲಿ ಇಲಿ ಪಾಷಾಣ ಎಲ್ಲಿಂದ ಬಂತು ಅಂತ ಹುಡುಕಿದಾಗ ಈ ಗಾಂಜಾ ತೋಟಗಳ ಕಡೆಗೇ ಬೆರಳು ಹೋಯಿತು. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪರೀಕ್ಷಿಸಿದ 10 ನಾರ್ದರ್ನ್ ಸ್ಪಾಟೆಡ್ ಗೂಬೆಗಳಲ್ಲಿ 7ರಲ್ಲಿ ಇಂಥದೇ ಇಲಿ ಪಾಷಾಣ. ಅವು ಮೊದಲೇ ಅಳಿವಿನಂಚಿನ ಕಡೆ ಜಾರುತ್ತಿರುವ ಗೂಬೆಗಳು.

ನೀರಿನ ಲೆಕ್ಕ ಸಣ್ಣದಾಗಿ ಹೇಳುತ್ತೇನೆ. ಸಂಶೋಧಕರು ಗಿಡ ಒಂದಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 22 ಲೀಟರ್ ಹಿಡಿಯುತ್ತಾರೆ. 5,000 ಗಿಡ ಇದ್ದರೆ ದಿನಕ್ಕೆ 1,10,000 ಲೀಟರ್. ಅಲ್ಲಿ ಬೇಸಿಗೆಯಲ್ಲಿ ಮಳೆಯೇ ಬರುವುದಿಲ್ಲ, ತೊರೆಗಳು ಎಳೆಯಷ್ಟು ಹರಿಯುವ ಕಾಲ ಅದು. ಸಾಲ್ಮನ್ ಮರಿಗಳು ಬದುಕಬೇಕಾದ ನೀರು ಅದೇ. ಬೆಂಕಿಯ ಅಪಾಯವೂ ಇದೆ. 2009ರ ಆಗಸ್ಟ್‌ನಲ್ಲಿ ಲಾಸ್ ಪಾಡ್ರೆಸ್ ಕಾಡಿನ ಇಂಥದೊಂದು ತೋಟದ ಅಡುಗೆ ಬೆಂಕಿಯಿಂದ ಹೊತ್ತಿದ ಲಾ ಬ್ರೇಯಾ ಕಾಳ್ಗಿಚ್ಚು ಸುಮಾರು 89,000 ಎಕರೆ ಸುಟ್ಟಿತು.

ಹಾಗಾದರೆ ಸರ್ಕಾರ ಸುಮ್ನೆ ಕೂತಿದೆಯಾ ಅಂದರೆ, ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 'ಕ್ಯಾಂಪ್' ಅನ್ನುವ ಕಾರ್ಯಾಚರಣೆ 1983ರಿಂದಲೇ ಇತ್ತು. ಹೆಲಿಕಾಪ್ಟರ್‌ನಲ್ಲಿ ಹುಡುಕುವುದು, ಇಳಿಯುವುದು, ಕಡಿಯುವುದು. 2022ರಲ್ಲಿ ಅದನ್ನು 'ಎಪಿಕ್' ಅಂತ ವರ್ಷಪೂರ್ತಿ ನಡೆಯುವ ತಂಡವಾಗಿ ಬದಲಿಸಿದರು. ಶಿಕ್ಷೆಯೂ ಸಣ್ಣದಲ್ಲ. ಕೇಂದ್ರ ಕಾನೂನಿನಲ್ಲಿ 1,000 ಗಿಡ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕನಿಷ್ಠ 10 ವರ್ಷ ಜೈಲು. ಆದರೆ ಸಿಕ್ಕಿಬೀಳುವುದು ಯಾರು? ಕಾಡಿನಲ್ಲಿ ತಿಂಗಳುಗಟ್ಟಲೆ ಗಿಡ ಕಾಯುವ ಕೂಲಿಯವನು. ಎಷ್ಟೋ ಸಲ ಅವನು ಸಾಲಕ್ಕೋ ಬೆದರಿಕೆಗೋ ಸಿಕ್ಕಿ ಬಂದವನು. ದುಡ್ಡು ಹಾಕಿದವನು ಕಾಡಿಗೆ ಕಾಲೇ ಇಡುವುದಿಲ್ಲ. ಒಬ್ಬ ಕೂಲಿ ಒಳಗೆ ಹೋದರೆ ಮುಂದಿನ ವರ್ಷ ಇನ್ನೊಬ್ಬ ಬರುತ್ತಾನೆ. ಒಡ್ಡು, ಪೈಪ್, ಗುಂಡಿ, ಗೊಬ್ಬರ ಎಲ್ಲ ಹಾಗೇ ಬಿಟ್ಟಿದ್ದರೆ ಅವನಿಗೆ ಸಸಿ ನೆಡುವುದಷ್ಟೇ ಬಾಕಿ.

ಅದಕ್ಕೇ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಎಷ್ಟು ಲಕ್ಷ ಗಿಡ ಕಿತ್ತರು ಅಂತ ಲೆಕ್ಕ ಕೊಟ್ಟರೆ ಸಾಲದು. ಎಷ್ಟು ಜಾಗಗಳಿಂದ ಪೈಪ್, ವಿಷ, ಕಸ ಪೂರ್ತಿ ಹೊರಗೆ ಬಂತು ಅನ್ನುವುದೇ ಮುಖ್ಯ ಲೆಕ್ಕ ಆಗಬೇಕು. ಇದು ದುಬಾರಿ ಕೆಲಸ. ರಸ್ತೆ ಇಲ್ಲದ ಕಡೆಯಿಂದ ಕಸವನ್ನು ಬಲೆಗೆ ತುಂಬಿ ಹೆಲಿಕಾಪ್ಟರ್‌ಗೆ ನೇತು ಹಾಕಿಯೇ ತರಬೇಕು. ಬ್ಲೂ ಲೇಕ್ ಊರಿನ ಇಂಟಿಗ್ರಲ್ ಇಕಾಲಜಿ ರಿಸರ್ಚ್ ಸೆಂಟರ್‌ನಂಥ ಸಂಸ್ಥೆಗಳು ಇದನ್ನು ಶ್ರದ್ಧೆಯಿಂದ ಮಾಡುತ್ತಿವೆ. ದುಡ್ಡಿಗೆ ದಾರಿಯೂ ಇದೆ. ಪ್ರಾಪೊಸಿಷನ್ 64ರ ಪ್ರಕಾರ ಗಾಂಜಾ ತೆರಿಗೆಯಲ್ಲಿ ಬೇರೆ ಖರ್ಚು ಕಳೆದು ಉಳಿದದ್ದರ ಶೇ 20 ಪರಿಸರ ಸರಿಪಡಿಸುವ ಖಾತೆಗೆ ಹೋಗುತ್ತದೆ. ಆದರೆ ಕಾನೂನುಬದ್ಧ ಬೆಳೆಯ ಮಾರಾಟ ಕುಸಿದರೆ ಆ ಖಾತೆಯೂ ಸೊರಗುತ್ತದೆ. ಕಾಡು ಸ್ವಚ್ಛ ಮಾಡುವ ಹಣ ಮಾರುಕಟ್ಟೆಯ ಏರಿಳಿತಕ್ಕೆ ಜೋತುಬಿದ್ದಿರುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕೆ ಪ್ರತಿ ವರ್ಷದ ಬಜೆಟ್‌ನಲ್ಲಿ ಖಚಿತ ಜಾಗ ಬೇಕು.

ನೀವು ಆ ಕಡೆ ಚಾರಣಕ್ಕೆ ಹೋಗುವವರಾದರೆ ಇಷ್ಟು ನೆನಪಿಡಿ. ಮನೆ ಮಠ ಇಲ್ಲದ ತೊರೆಯಲ್ಲಿ ಪ್ಲಾಸ್ಟಿಕ್ ಪೈಪ್, ಕಾಡಿನ ನಡುವೆ ಗೊಬ್ಬರದ ಚೀಲ, ನಕ್ಷೆಯಲ್ಲಿ ಇಲ್ಲದ ಸವೆದ ಕಾಲುದಾರಿ ಕಂಡರೆ ಅಲ್ಲೇ ನಿಲ್ಲಿ. ಮುಂದೆ ಹೋಗಿ ನೋಡೋಣ ಅನ್ನಬೇಡಿ, ಕಾವಲಿಗೆ ಇರುವವರ ಕೈಯಲ್ಲಿ ಬಂದೂಕು ಇರಬಹುದು. ಯಾವ ಬಾಟಲಿಯನ್ನೂ ಮುಟ್ಟಬೇಡಿ, ಆ ತೊರೆಯ ನೀರು ಕುಡಿಯಬೇಡಿ, ನಾಯಿ ಜೊತೆಗಿದ್ದರೆ ಹಗ್ಗ ಬಿಗಿ ಹಿಡಿಯಿರಿ. ಬಂದ ದಾರಿಯಲ್ಲೇ ಸದ್ದಿಲ್ಲದೆ ವಾಪಸ್ ಬನ್ನಿ. ಸುರಕ್ಷಿತ ಜಾಗಕ್ಕೆ ಬಂದ ಮೇಲೆ ಫೋನಿನಲ್ಲಿ ಜಾಗ ಗುರುತು ಹಾಕಿ ಫಾರೆಸ್ಟ್ ಸರ್ವೀಸ್‌ಗೋ ಆ ಕೌಂಟಿಯ, ಅಂದರೆ ಜಿಲ್ಲೆಯ, ಪೊಲೀಸ್ ಮುಖ್ಯಸ್ಥ ಶೆರಿಫ್‌ಗೋ ತಿಳಿಸಿ. ಗಿಡ ನೆಡುವುದು ವಸಂತದಲ್ಲಿ, ಕೊಯ್ಲು ಸೆಪ್ಟೆಂಬರ್ ಹೊತ್ತಿಗೆ. ಏಪ್ರಿಲ್, ಮೇ ತಿಂಗಳಲ್ಲೇ ಸುಳಿವು ಸಿಕ್ಕಿದರೆ ವಿಷದ ಬಹುಪಾಲು ಕಾಡಿಗೆ ಬೀಳುವ ಮೊದಲೇ ತಡೆಯಬಹುದು.