ಪುಸ್ತಕದ ಪೂರ್ತಿ ವಿವರ, ಪುಟದ ಅಡಿಯಲ್ಲೇ

ಪ್ರಶ್ನೆ: ಶಿರಸಿ ಸೀಮೆಯ ಅಡಿಕೆ ತೋಟ, ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ಚರಿತ್ರೆ ಕುರಿತು ಪಿಎಚ್.ಡಿ. ಮಾಡುತ್ತಿದ್ದೇನೆ. ಲೇಟೆಕ್‌ನಲ್ಲೇ (ಆಜ್ಞೆ ಕೊಟ್ಟು ಪುಟ ಜೋಡಿಸುವ ತಂತ್ರಾಂಶ) ಬರೆಯುತ್ತಿದ್ದೇನೆ. ಪುಸ್ತಕದ ಪೂರ್ತಿ ವಿವರ ಗ್ರಂಥಋಣದಲ್ಲಿದ್ದರೆ ಸಾಲದು, ಅಡಿಟಿಪ್ಪಣಿಯಲ್ಲೂ ಬರಲಿ ಅನ್ನುತ್ತಾರೆ ಗೈಡ್. ಎಲ್ಲಾ ಕೈಯಲ್ಲೇ ಟೈಪ್ ಮಾಡಬೇಕಾ?
– ಒಬ್ಬ ಓದುಗರು, ಯಲ್ಲಾಪುರ

ಉತ್ತರ: ಖಂಡಿತ ಬೇಡ. ಆ ಕೆಲಸ ಮಾಡಿ ಕೈಸುಟ್ಟುಕೊಂಡವನು ನಾನು. ಶಿರಸಿಯಲ್ಲಿ ಡಿಟಿಪಿ ಶುರು ಮಾಡಿದ ಹೊಸದು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಬುಕನನ್ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬರೆದ ಪುಸ್ತಕವಿದೆಯಲ್ಲ, ಅದು ಅಚ್ಚಾಗಿದ್ದು 1807ರಲ್ಲಿ. ನಾನು 1870 ಅಂತ ಹೊಡೆದೆ. ಹೊಡೆದಿದ್ದು ಒಂದೇ ಸಲ, ಕಾಪಿ ಮಾಡಿದ್ದು ಎಷ್ಟು ಕಡೆಯೋ! ಜಡಿಮಳೆ, ಹೋಗಿ ಬಂದು ಮಾಡುವ ಕರೆಂಟು. ತಿದ್ದಿ ಮುಗಿಸುವಾಗ ಬೆಳಗಾಗಿತ್ತು.

ನೀವು ಬಿಬ್‌ಲೇಟೆಕ್ ಪ್ಯಾಕೇಜ್ ಹಾಕಿಕೊಳ್ಳಿ, ಉಲ್ಲೇಖಗಳನ್ನು ತಾನೇ ಜೋಡಿಸುವ ಲೇಟೆಕ್ ಸೇರ್ಪಡೆ ಅದು. ಪುಸ್ತಕದ ವಿವರ ಬಿಬ್ ಫೈಲಿನಲ್ಲಿ (ಪುಸ್ತಕಗಳ ಪಟ್ಟಿ) ಒಂದೇ ಕಡೆ ಇರುತ್ತದೆ. ಸಾಲಿನ ನಡುವೆ ಪೂರ್ತಿ ವಿವರ ಬೇಕಾದರೆ ‘ಫುಲ್‌ಸೈಟ್’ ಆಜ್ಞೆ, ಅಡಿಟಿಪ್ಪಣಿಗೆ ‘ಫುಟ್‌ಫುಲ್‌ಸೈಟ್’. ಪುಟಸಂಖ್ಯೆಯನ್ನು ಚೌಕ ಕಂಸದಲ್ಲಿ ಕೊಟ್ಟರೆ ಆಯಿತು.

ಆದರೆ ಬುಕನನ್‌ನ ಆ ಮಾರುದ್ದದ ಹೆಸರು ಪ್ರತಿ ಪುಟದ ಅಡಿಯಲ್ಲೂ ಬಂದರೆ ಓದುವವರಿಗೆ ಸುಮ್ನೆ ಕಿರಿಕಿರಿ ಅಲ್ವಾ? ನನ್ನ ಕೇಳಿದರೆ ‘ವರ್ಬೋಸ್’ ಶೈಲಿಯೇ ಸರಿ. ‘ಫುಟ್‌ಸೈಟ್’ ಅಂತ ಬರೆದರೆ ಮೊದಲ ಸಲ ಪೂರ್ತಿ ವಿವರ, ಆಮೇಲೆ ಚಿಕ್ಕದಾಗಿ ಲೇಖಕರ ಹೆಸರು, ಪುಸ್ತಕದ ಹೆಸರು ಅಷ್ಟೇ. ಪ್ರತಿ ಅಧ್ಯಾಯದಲ್ಲೂ ಮೊದಲ ಸಲ ಪೂರ್ತಿ ಬರಲಿ ಅಂದರೆ ಪ್ಯಾಕೇಜಿನ ‘ಸೈಟ್‌ರೀಸೆಟ್’ ಆಯ್ಕೆಗೆ ‘ಚಾಪ್ಟರ್’ ಅಂತ ಕೊಡಿ. ಗೈಡ್ ಕೇಳುತ್ತಿರುವುದು ಬಹುಶಃ ಇದನ್ನೇ. ಮೊದಲು ಒಂದು ಅಧ್ಯಾಯ ಪ್ರಿಂಟ್ ತೆಗೆದು ತೋರಿಸಿ.

ಈಗಾಗಲೇ ನ್ಯಾಚ್‌ಬಿಬ್‌ನಲ್ಲಿ (ಉಲ್ಲೇಖಕ್ಕೆ ಬಳಸುವ ಇನ್ನೊಂದು ಪ್ಯಾಕೇಜ್) ಅರ್ಧ ಬರೆದಾಗಿದ್ದರೆ ಎಲ್ಲ ಕಿತ್ತು ಹಾಕಬೇಡಿ. ‘ಬಿಬ್‌ಎಂಟ್ರಿ’ ಅನ್ನೋ ಪ್ಯಾಕೇಜ್ ಇದೆ, ಪೂರ್ತಿ ವಿವರ ತರಲು ಅದನ್ನು ಅಡಿಟಿಪ್ಪಣಿಯೊಳಗೆ ಬಳಸಬಹುದು. ಕೊನೆಯ ಚುಕ್ಕಿ ಮಾತ್ರ ಅದು ಹಾಕುವುದಿಲ್ಲ, ನೀವೇ ಹಾಕಬೇಕು.

ಇನ್ನೊಂದು ಮಾತು. ನಾಲ್ಕು ಜನ ಸೇರಿ ಬರೆದ ಲೇಖನಕ್ಕೆ ಬಿಬ್‌ಲೇಟೆಕ್ ಒಬ್ಬರ ಹೆಸರು ಹಾಕಿ ‘ಮತ್ತಿತರರು’ ಅಂದುಬಿಡುತ್ತದೆ, ‘ಪೂರ್ತಿ’ ವಿವರದಲ್ಲೂ! ‘ಮ್ಯಾಕ್ಸ್‌ಸೈಟ್‌ನೇಮ್ಸ್’ ಆಯ್ಕೆಯ ಸಂಖ್ಯೆ 99 ಮಾಡಿ, ಒಂದು ಸಲ ಲೇಟೆಕ್ ಓಡಿಸಿ, ಆಮೇಲೆ ಬೈಬರ್ (ಬಿಬ್ ಫೈಲ್ ಓದುವ ಪ್ರೋಗ್ರಾಂ) ಓಡಿಸಿ, ಮತ್ತೆರಡು ಸಲ ಲೇಟೆಕ್ ಓಡಿಸಿ. ಎಲ್ಲರ ಹೆಸರೂ ಬರುತ್ತದೆ.