ಟ್ರಿಪ್ಲಾಲ್ ಅಂದರೆ ಏನು? ಸಾಬೂನಿಗೆ ಎಷ್ಟು ಹಾಕಬೇಕು?

ನೀವು ಸಾಗರದ ಹತ್ತಿರ ಮನೆಯಲ್ಲೇ ಸಾಬೂನು ಮಾಡುತ್ತೀರಿ. ಅದಕ್ಕೆ ನಿಂಬೆ ಎಲೆ ಹಿಚುಕಿದ ವಾಸನೆ ಬೇಕು. ಮಜ್ಜಿಗೆ ಹುಲ್ಲಿನ ಎಣ್ಣೆ ಹಾಕಿದರೆ ಸಾಬೂನು ಹಳದಿಯಾಗುತ್ತದೆ, ಸ್ವಲ್ಪ ದಿನಕ್ಕೆ ವಾಸನೆಯೂ ಇಳಿದುಹೋಗುತ್ತದೆ. ಅಂಗಡಿಯವರು ‘ಟ್ರಿಪ್ಲಾಲ್’ ಅಂತ ಒಂದು ಸಣ್ಣ ಬಾಟಲಿ ಕೊಟ್ಟಿದ್ದಾರೆ, ಮುಚ್ಚಳ ತೆಗೆದರೆ ತಲೆ ಸಿಡಿಯುತ್ತದೆ. ಇದು ನ್ಯಾಚುರಲ್ಲಾ, ಎಷ್ಟು ಹಾಕಬೇಕು, ಇದಿಷ್ಟು ನಿಮ್ಮ ಪ್ರಶ್ನೆ.

ನಾನು ಶಿವಮೊಗ್ಗದಲ್ಲಿ ಊದುಬತ್ತಿ ಮಾಡುವವರಿಗೆ ಕಾಂಪೌಂಡ್, ಅಂದರೆ ವಾಸನೆಯ ಮಿಶ್ರಣ, ಕಲಸಿಕೊಡುತ್ತೇನೆ. ಈ ಬಾಟಲಿ ನನ್ನ ಕಪಾಟಿನಲ್ಲೂ ಇದೆ. ನಿಮಗೆ ಅಂಗಡಿಯವರು ಮೋಸ ಮಾಡಿಲ್ಲ, ಸರಕೂ ಕೆಟ್ಟಿಲ್ಲ. ಟ್ರಿಪ್ಲಾಲ್ ಅನ್ನು ಬಾಟಲಿಯಿಂದಲೇ ಮೂಸಿದರೆ ಎಲ್ಲರಿಗೂ ಹಾಗೇ ಆಗುತ್ತದೆ. ಅದನ್ನು ಮೂಸಬೇಕಾದ ರೀತಿಯೇ ಬೇರೆ.

ಅಂಗೈಯಲ್ಲಿ ಹಿಡಿಯುವಂಥ ಒಂದು ಚಿಕ್ಕ ತೂಕದ ಯಂತ್ರ ಇಟ್ಟುಕೊಳ್ಳಿ, ಚಿನ್ನದ ಅಂಗಡಿಯಲ್ಲಿ ಇರುತ್ತಲ್ಲ, 0.01 ಗ್ರಾಂ ತೋರಿಸುವಂಥದ್ದು. 1 ಗ್ರಾಂ ಟ್ರಿಪ್ಲಾಲ್‌ಗೆ 9 ಗ್ರಾಂ ಡಿಪಿಜಿ (ಡೈಪ್ರೊಪಿಲೀನ್ ಗ್ಲೈಕಾಲ್, ವಾಸನೆಯ ಸರಕನ್ನು ತೆಳು ಮಾಡುವ ದ್ರವ) ಸೇರಿಸಿ. ಇದು ಶೇ. 10ರ ದ್ರಾವಣ. ಇದರಲ್ಲಿ 1 ಗ್ರಾಂ ತೆಗೆದು ಮತ್ತೆ 9 ಗ್ರಾಂ ಡಿಪಿಜಿಗೆ ಹಾಕಿದರೆ ಶೇ. 1. ಒಂದು ಕಾಗದದ ಪಟ್ಟಿಯ ತುದಿಯನ್ನು ಅದರಲ್ಲಿ ಅದ್ದಿ, ಐದು ನಿಮಿಷ ಬಿಟ್ಟು ಮೂಸಿ. ಆಗ ಗೊತ್ತಾಗುತ್ತದೆ. ಬಾಟಲಿಯಲ್ಲಿ ಮೂಗಿಗೆ ಹೊಡೆಯುತ್ತಿದ್ದ ಆ ಒರಟು, ಲೋಹದಂಥ ಹಸಿರು ಹೋಗಿ, ಗಜನಿಂಬೆಯ ಎಲೆಯನ್ನೂ ಬಲಿಯದ ಕಾಯಿಯ ಸಿಪ್ಪೆಯನ್ನೂ ಒಟ್ಟಿಗೆ ಉಜ್ಜಿದ ವಾಸನೆ ಬರುತ್ತದೆ. ರಸದ ವಾಸನೆ ಮಾತ್ರ ಇಲ್ಲ. ಹುಳಿ ಇಲ್ಲ, ಸಿಹಿ ಇಲ್ಲ. ಬರೀ ಎಲೆ, ತೊಟ್ಟು, ಸಿಪ್ಪೆ.

ಇದೇ ಮುಖ್ಯ ವಿಷಯ. ಟ್ರಿಪ್ಲಾಲ್‌ನಿಂದ ನಿಂಬೆ ಮಾಡಲು ಆಗುವುದಿಲ್ಲ. ಬೇರೆ ಎಣ್ಣೆಗಳಿಂದ ಮಾಡಿದ ನಿಂಬೆಗೆ ಆಗಷ್ಟೇ ಗಿಡದಿಂದ ಕಿತ್ತ ಹಸಿತನ ಕೊಡುವುದು ಇದರ ಕೆಲಸ. ಅದಕ್ಕೆ ತುಂಬಾ ಕಮ್ಮಿ ಸಾಕು. ಮಜ್ಜಿಗೆ ಹುಲ್ಲಿನ ಎಣ್ಣೆ ತೆಗೆದು ಅದರ ಜಾಗಕ್ಕೆ ಅಷ್ಟೇ ಟ್ರಿಪ್ಲಾಲ್ ಸುರಿಯುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಸ್ನಾನದ ಮನೆಗೆ ಕಾಲಿಡಲಿಕ್ಕೆ ಆಗುವುದಿಲ್ಲ.

ಈಗ ಇದು ಏನು ಅನ್ನುವುದು. ರಾಸಾಯನಿಕವಾಗಿ ಇದೊಂದು ಆಲ್ಡಿಹೈಡ್, ವಾಸನೆಯ ಸರಕುಗಳಲ್ಲಿ ತುಂಬಾ ಕಾಣುವ ಒಂದು ರಾಸಾಯನಿಕ ಗುಂಪು. 9 ಇಂಗಾಲ, 14 ಜಲಜನಕ, 1 ಆಮ್ಲಜನಕ. ಯಾವ ಎಲೆಯಿಂದಲೂ ಭಟ್ಟಿ ಇಳಿಸಿದ್ದಲ್ಲ, ಕಾರ್ಖಾನೆಯಲ್ಲೇ ಕಟ್ಟಿದ್ದು. ಮೂಲ ಸರಕು ಎರಡು. ಒಂದು ಅಕ್ರೋಲಿನ್. ಹಪ್ಪಳ ಕರಿಯುವಾಗ ಎಣ್ಣೆ ಜಾಸ್ತಿ ಕಾದು ಹೊಗೆಯೆದ್ದು ಕಣ್ಣು ಉರಿಯುತ್ತದಲ್ಲ, ಆ ಹೊಗೆಯಲ್ಲಿ ಇರುವುದು ಇದೇ ಅಕ್ರೋಲಿನ್. ಇನ್ನೊಂದು ಮೀಥೈಲ್ ಪೆಂಟಾಡೈಯೀನ್. ಎರಡನ್ನೂ ಕೂಡಿಸಿದರೆ ಆರು ಇಂಗಾಲದ ಉಂಗುರ ಆಗುತ್ತದೆ. ಹೀಗೆ ಉಂಗುರ ಕಟ್ಟುವ ಕ್ರಮವನ್ನು ಜರ್ಮನಿಯ ಓಟ್ಟೊ ಡೀಲ್ಸ್ ಮತ್ತು ಕುರ್ಟ್ ಆಲ್ಡರ್ 1928ರಲ್ಲಿ ಪ್ರಕಟಿಸಿದರು, ಅದಕ್ಕೇ 1950ರಲ್ಲಿ ಅವರಿಗೆ ನೊಬೆಲ್ ಬಂತು. ಕಣ್ಣು ಉರಿಸುವ ಸರಕಿನಿಂದ ಎಲೆಯ ವಾಸನೆ ಬರುವುದು ನನಗೆ ಈಗಲೂ ಸೋಜಿಗವೇ.

ಹೆಸರಿನ ಗೊಂದಲವೂ ಒಂದಿದೆ. ಟ್ರಿಪ್ಲಾಲ್ ಅನ್ನುವುದು ಐಎಫ್ಎಫ್ ಕಂಪನಿ ಇಟ್ಟ ಹೆಸರು. ಜಿವೊಡಾನ್‌ನವರು ಸೈಕ್ಲಾಲ್ ಸಿ ಅನ್ನುತ್ತಾರೆ, ಸಿಮ್‌ರೈಸ್‌ನವರು ವರ್ಟೋಸಿಟ್ರಾಲ್ ಅನ್ನುತ್ತಾರೆ. ಲಿಗುಸ್ಟ್ರಾಲ್ ಅಂತಲೂ ಮಾರುತ್ತಾರೆ. ಮುಂದಿನ ಸಲ ಬೇರೆ ಹೆಸರಿನ ಬಾಟಲಿ ಕೊಟ್ಟರೆ ಗಾಬರಿಯಾಗಬೇಡಿ. ಲೇಬಲ್ ಮೇಲೆ ಸಿಎಎಸ್ ಸಂಖ್ಯೆ (ಒಂದೊಂದು ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ) 68039-49-6 ಇದ್ದರೆ ಅದು ಇದೇ ಸರಕು.

ಹಾಗಾದರೆ ನಿಜವಾದ ಎಲೆಯ ವಾಸನೆಯನ್ನೇ ಹಾಕಬಹುದಲ್ಲ ಅಂತ ನೀವು ಕೇಳಬಹುದು. ಹುಲ್ಲು ಕೊಯ್ದಾಗ ಬರುವ ವಾಸನೆಗೆ ಮುಖ್ಯ ಕಾರಣಗಳಲ್ಲಿ ಒಂದು ಸಿಸ್-3-ಹೆಕ್ಸೆನಾಲ್. ಎಲೆಗೆ ಗಾಯವಾದ ತಕ್ಷಣ ಒಳಗಿನ ಕೊಬ್ಬು ಒಡೆದು ಅದು ಹುಟ್ಟುತ್ತದೆ. ಬಾಟಲಿಯಲ್ಲೂ ಸಿಗುತ್ತದೆ, ಚೆನ್ನಾಗಿಯೂ ಇದೆ. ಆದರೆ ಬೇಗ ಹಾರಿಹೋಗುತ್ತದೆ. ಸಾಬೂನು ಒಣಗಿ ಗಟ್ಟಿಯಾಗುವಷ್ಟರಲ್ಲಿ ಅದರ ಸುಳಿವೇ ಇರುವುದಿಲ್ಲ. ಟ್ರಿಪ್ಲಾಲ್ ಅದಕ್ಕಿಂತ ಜಾಸ್ತಿ ದಿನ ನಿಲ್ಲುತ್ತದೆ, ಸಾಬೂನಿನ ಕ್ಷಾರವನ್ನೂ ಮಜ್ಜಿಗೆ ಹುಲ್ಲಿನ ಸಿಟ್ರಾಲ್‌ಗಿಂತ ಚೆನ್ನಾಗಿ ತಡೆಯುತ್ತದೆ. ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಶೇ. 70–80 ಸಿಟ್ರಾಲ್ ಇರುತ್ತದೆ. ನಿಮ್ಮ ಸಾಬೂನು ಹಳದಿಯಾಗುವುದೂ ವಾಸನೆ ಇಳಿಯುವುದೂ ಅದರಿಂದಲೇ.

ಲೆಕ್ಕಕ್ಕೆ ಬರೋಣ. 1 ಕೆಜಿ ಎಣ್ಣೆಯ ಸಾಬೂನಿಗೆ ಒಟ್ಟು ವಾಸನೆ 30 ಗ್ರಾಂ ಅಂತ ಇಟ್ಟುಕೊಳ್ಳಿ. ನಾನಾಗಿದ್ದರೆ ಕಿತ್ತಳೆ ಸಿಪ್ಪೆ ಎಣ್ಣೆ 12 ಗ್ರಾಂ, ಪೆಟಿಗ್ರೇನ್ 8, ಮಜ್ಜಿಗೆ ಹುಲ್ಲು 4, ಲಾವಂಚದ ಎಣ್ಣೆ 3, ಶೇ. 10ರ ಟ್ರಿಪ್ಲಾಲ್ ದ್ರಾವಣ 3 ಗ್ರಾಂ ಹಾಕುತ್ತಿದ್ದೆ. ಅಂದರೆ ಶುದ್ಧ ಟ್ರಿಪ್ಲಾಲ್ ಬರೀ 0.3 ಗ್ರಾಂ, ಕಾಂಪೌಂಡಿನ ಶೇ. 1. ಸುಮ್ನೆ ಎರಡರಷ್ಟು ಮಾಡಿದರೆ ಚೆನ್ನಾಗಿರಬಹುದು ಅಂತ ಅನ್ನಿಸುತ್ತದೆ. ಇಲ್ಲ, ಫಿನೈಲ್ ಹಾಕಿ ಒರೆಸಿದ ನೆಲ ಆಗುತ್ತದೆ. ಪೆಟಿಗ್ರೇನ್ ಅನ್ನುವುದು ಹುಳಿ ಕಿತ್ತಳೆ ಗಿಡದ ಎಲೆ, ಕಡ್ಡಿಗಳಿಂದ ಇಳಿಸಿದ ಎಣ್ಣೆ. ನಿಮಗೆ ಬೇಕಾದ ಎಲೆಯ ಮೈ ಅದರಲ್ಲೇ ಇದೆ. ಲಾವಂಚ ಕೆಳಗಿನಿಂದ ಹಿಡಿದುಕೊಳ್ಳುತ್ತದೆ.

ಮೊದಲು 200 ಗ್ರಾಂ ಎಣ್ಣೆಯಷ್ಟು ಸಣ್ಣ ಅಚ್ಚಿನಲ್ಲಿ ಮಾಡಿ. ಕಾಸ್ಟಿಕ್ ಇನ್ನೂ ಕೆಲಸ ಮಾಡುತ್ತಿರುವ ಹಸಿ ಸಾಬೂನಿನಲ್ಲಿ ಯಾವ ಆಲ್ಡಿಹೈಡ್‌ಗೂ ಸುಖವಿಲ್ಲ. ಹಾಗಾಗಿ ಕಾಂಪೌಂಡನ್ನು ಕೊನೆಗೆ, ಅಚ್ಚಿಗೆ ಸುರಿಯುವ ಮುಂಚೆ ಸೇರಿಸಿ. ಮರುದಿನ ಮೂಸಿ ತೀರ್ಮಾನಕ್ಕೆ ಬರಬೇಡಿ. ಆರು ವಾರ ಬಿಟ್ಟು, ಕೈ ಒದ್ದೆ ಮಾಡಿಕೊಂಡು ನೊರೆ ಬರಿಸಿ ಮೂಸಿ. ನಮ್ಮ ಕಡೆ ಮಳೆಗಾಲದಲ್ಲಿ ಸಾಬೂನು ಒಣಗುವುದೇ ಇಲ್ಲ, ಬೆವರುತ್ತಾ ಕೂತಿರುತ್ತದೆ. ಆಗ ಇನ್ನೂ ಎರಡು ವಾರ ಜಾಸ್ತಿ ಬೇಕು.

ಒಂದು ಎಚ್ಚರಿಕೆ. ಇದರ ಜೊತೆ ಮಲ್ಲಿಗೆ ಕಾಂಪೌಂಡ್ ಸೇರಿಸುವ ಆಸೆ ಬಂದರೆ ಮೊದಲು ಅದರಲ್ಲಿ ಮೀಥೈಲ್ ಆಂತ್ರಾನಿಲೇಟ್ ಅನ್ನುವ ವಾಸನೆಯ ಸರಕು ಇದೆಯಾ ಕೇಳಿ. ಸಾಮಾನ್ಯವಾಗಿ ಇರುತ್ತದೆ. ಆಲ್ಡಿಹೈಡ್ ಅದರ ಜೊತೆ ಕೂಡಿಕೊಂಡು ಕಡು ಹಳದಿ ಬಣ್ಣದ ಹೊಸ ಸರಕಾಗುತ್ತದೆ. ಇದಕ್ಕೆ ಶಿಫ್ ಬೇಸ್ ಅನ್ನುತ್ತಾರೆ. ವಾಸನೆ ಕೆಟ್ಟದ್ದಲ್ಲ, ಬತ್ತಿಗೆ ನಾನು ಬೇಕಂತಲೇ ಮಾಡಿಕೊಳ್ಳುತ್ತೇನೆ. ಕಪ್ಪು ಬತ್ತಿಯಲ್ಲಿ ಬಣ್ಣ ಯಾರಿಗೆ ಕಾಣುತ್ತದೆ? ಬಿಳಿ ಸಾಬೂನಿನಲ್ಲಿ ಮಾತ್ರ ನಿಮ್ಮ ಹಳೇ ತೊಂದರೆಯೇ ತಿರುಗಿ ಬರುತ್ತದೆ. ಬತ್ತಿಯ ವಿಷಯ ಬಂತು ಅಂತ ಹೇಳುತ್ತೇನೆ: ಅಲ್ಲಿ ಟ್ರಿಪ್ಲಾಲ್ ಕೆಲಸ ಮಾಡುವುದು ಪ್ಯಾಕೆಟ್ ಒಡೆಯುವ ಗಳಿಗೆಯಲ್ಲಿ. ಹೊತ್ತಿಸಿದ ಮೇಲೆ ಅದರ ಗುರುತು ಸಿಗುವುದಿಲ್ಲ. ಗಿರಾಕಿ ಅಂಗಡಿಯಲ್ಲಿ ಮೂಸಿ ಕೊಳ್ಳುವುದು ಪ್ಯಾಕೆಟ್ಟನ್ನೇ ಅಲ್ವಾ, ಅದಕ್ಕೇ ಹಾಕುತ್ತೇವೆ.

ಬಾಟಲಿ ಅರ್ಧ ಖಾಲಿಯಾದರೆ ಇನ್ನೂ ಸಣ್ಣ ಕಂದು ಬಾಟಲಿಗೆ ಬಗ್ಗಿಸಿ, ತಣ್ಣಗಿರುವ ಕಡೆ ಇಡಿ. ಒಳಗಿನ ಗಾಳಿ ತಾಗಿ ಆಲ್ಡಿಹೈಡ್ ನಿಧಾನಕ್ಕೆ ಆಮ್ಲವಾಗುತ್ತದೆ, ವಾಸನೆ ಮಂಕಾಗಿ ಹುಳಿಯಾಗುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ನೇರವಾಗಿ ಚರ್ಮಕ್ಕೆ ತಾಗಿದರೆ ಕೆಲವರಿಗೆ ಅಲರ್ಜಿಯಾಗುತ್ತದೆ. ಅಂಗಡಿಯಿಂದ ಇಫ್ರಾ (ವಾಸನೆಯ ಸರಕುಗಳ ಸುರಕ್ಷತೆಯ ನಿಯಮ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ಸರ್ಟಿಫಿಕೇಟ್ ಕೇಳಿ ತೆಗೆದುಕೊಳ್ಳಿ, ಕೊಡುವುದು ಅವರ ಕೆಲಸ.

ಕೊನೆಯ ಪ್ರಶ್ನೆಗೆ: ಇಲ್ಲ, ನ್ಯಾಚುರಲ್ ಅಲ್ಲ. ಹಾಗಂತ ನ್ಯಾಚುರಲ್ ಆದದ್ದೆಲ್ಲ ಚರ್ಮಕ್ಕೆ ಒಳ್ಳೆಯದು ಅಂತಲೂ ಅಲ್ಲ. ಮಜ್ಜಿಗೆ ಹುಲ್ಲಿನಲ್ಲಿರುವ ಸಿಟ್ರಾಲ್ ಕೂಡ ಯುರೋಪಿನಲ್ಲಿ ಲೇಬಲ್ ಮೇಲೆ ಹೆಸರು ಹಾಕಲೇಬೇಕಾದ ಅಲರ್ಜಿಕಾರಕಗಳ ಪಟ್ಟಿಯಲ್ಲಿದೆ. ಮನೆಮಂದಿಗೆ ಮಾಡಿಕೊಂಡರೆ ನಿಮ್ಮಿಷ್ಟ. ಮಾರುವುದಾದರೆ ‘ನೂರಕ್ಕೆ ನೂರು ನೈಸರ್ಗಿಕ’ ಅಂತ ಬರೆಯಬೇಡಿ. ಇನ್ನೊಂದು, ಸ್ನಾನದ ಸಾಬೂನು ಮಾಡಿ ಮಾರಲು ಸೌಂದರ್ಯವರ್ಧಕಗಳ ಲೈಸೆನ್ಸ್ ಬೇಕು. ಅದನ್ನು ಮೊದಲು ವಿಚಾರಿಸಿಕೊಳ್ಳಿ.